ಮನೆಯಲ್ಲಿ ಎಂತ ಮಾತಾಡುದು?

ನಾನು ಕೊರಿಯನ್ ಕಲಿತದ್ದು ಒಂದು ಬಟನ್ ಹುಡುಕುವುದಕ್ಕಾಗಿ. ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ, ಯಾರೂ ನಂಬುವುದಿಲ್ಲ. ರಜೆಗೆ ಬಂದಿದ್ದ ತಂಗಿಯ ಮಗಳು ನನ್ನ ಮೊಬೈಲಿಗೆ ಒಂದು ಕೃಷಿ ಆಟ ಹಾಕಿಕೊಟ್ಟು, "ದೊಡ್ಡಮ್ಮ, ಟೈಂಪಾಸಿಗೆ ಒಳ್ಳೇದುಂಟು" ಅಂದು ಬಸ್ಸು ಹತ್ತಿದಳು. ಆಟ ತೆರೆದು ನೋಡಿದರೆ ಪೂರ್ತಿ ಕೊರಿಯನ್. ಫೋನ್ ಮಾಡಿ ಬೈದೆ. ಭಾಷೆ ಬದಲಿಸುವ ಬಟನ್ ಒಳಗೆ ಎಲ್ಲೋ ಇದ್ದೇ ಇರುತ್ತದೆ, ಹುಡುಕಿ ಅಂದಳು. ಇತ್ತು. ಅದರ ಮೇಲೆ "ಭಾಷೆ ಬದಲಿಸಿ" ಎಂದು ಕೊರಿಯನ್‌ನಲ್ಲಿ ಬರೆದಿತ್ತು. ಇಂಥ ಬುದ್ಧಿವಂತಿಕೆಯನ್ನು ನಾನು ಅದುವರೆಗೆ ಕಚೇರಿಗಳ ಕೌಂಟರುಗಳಲ್ಲಿ ಮಾತ್ರ ಕಂಡಿದ್ದೆ.

ನನಗೆ ಹಟ ಬಂತು. ನನ್ನ ಕಸುಬು ರವಿಕೆ ಹೊಲಿಯುವುದು. ಲೈನಿಂಗ್ ಬಟ್ಟೆ ತರಲು ಸುಳ್ಯದಿಂದ ಪುತ್ತೂರಿಗೆ ಹೋದಾಗ ಪುಸ್ತಕದಂಗಡಿಗೂ ಹೊಕ್ಕು, ಕೊರಿಯನ್ ಕಲಿಯುವ ಪುಸ್ತಕ ಉಂಟಾ ಎಂದು ಕೇಳಿದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಂಗ್ಲಿಷ್ ಕಲಿಸುವ ಪುಸ್ತಕವೊಂದನ್ನು ಮುಂದಿಟ್ಟು, "ಮೊದಲು ಇದು ಆಗ್ಲಿ ಅಕ್ಕ, ಮತ್ತೆ ಅದು ನೋಡುವ" ಅಂದರು. ಪುಸ್ತಕದ ಆಸೆ ಅಲ್ಲಿಗೆ ಮುಗಿಯಿತು. ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು, ಕೈಯಲ್ಲಿ ಹುಕ್ಸು ಕಟ್ಟುತ್ತಾ, ಅಕ್ಷರ ಕಲಿತೆ. ಅವರದ್ದೂ ನಮ್ಮ ಹಾಗೆಯೇ, ವ್ಯಂಜನಕ್ಕೆ ಸ್ವರ ಜೋಡಿಸಿ, ಬೇಕಾದರೆ ಕೆಳಗೊಂದು ಒತ್ತು ಕೊಟ್ಟ ಹಾಗೆ ಬರೆಯುತ್ತಾರೆ. ಕ್ರಿಯಾಪದವೂ ನಮ್ಮ ಹಾಗೆ ಕೊನೆಗೇ ಬರುತ್ತದೆ, ಅಲ್ಲಿಯವರೆಗೆ ಕೇಳುವವರು ಬಾಯಿ ಮುಚ್ಚಿಕೊಂಡಿರಬೇಕು. ಈ ಭಾಷೆ ನನಗೆ ಹಿಡಿಸಿತು.

ಬಟನ್ ಮೇಲಿನ ಅಕ್ಷರ ಓದಲು ಬಂದ ದಿನ ಬೆರಳು ಅದರ ಹತ್ತಿರ ಹೋಗಿ ಹಿಂದೆ ಬಂತು. ಬದಲಿಸಲಿಲ್ಲ. ಕಾರಣ ಹೇಳಬೇಕಾದರೆ ನನ್ನ ಮದುವೆಯ ಸುದ್ದಿಗೆ ಬರಬೇಕು.

ನನ್ನ ತವರು ಕಡಬದ ಕೊಯಿಲ. ಮನೆಮಾತು ತುಳು. ಕೊಟ್ಟದ್ದು ಸುಳ್ಯದ ಅರೆಭಾಷೆ ಮನೆಗೆ. ಅರೆಭಾಷೆ ಕನ್ನಡದ ಹತ್ತಿರದ ನೆಂಟರ ಪೈಕಿ. ಕೇಳಿದರೆ ಎಲ್ಲ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತೇವೆ. ಮದುವೆಯಾದ ವರ್ಷ ಹೊಸ ಅಕ್ಕಿಯ ಊಟಕ್ಕೆ ಮನೆ ತುಂಬ ಜನ ಸೇರಿದ್ದಾಗ, ಹೊಸ ಸೊಸೆಯ ಉತ್ಸಾಹದಲ್ಲಿ ಹಿರಿಯರ ಎದುರು ಒಂದು ವಾಕ್ಯ ಹೇಳಿದೆ. ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಆ ವಾಕ್ಯ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ನೀವೂ ನಗುತ್ತೀರಿ. ಆಮೇಲೆ ಆ ಮನೆಯ ಯಾವ ಸಮಾರಂಭದಲ್ಲೂ ಅದನ್ನು ಉಪ್ಪಿನಕಾಯಿಯ ಹಾಗೆ ಬಡಿಸದೆ ಬಿಟ್ಟದ್ದಿಲ್ಲ. ಬಡಿಸುವವರು ನನ್ನ ಅತ್ತೆಯೇ. ಈ ಬರಹದಲ್ಲಿ ಅತ್ತೆ ಆಡುವುದೆಲ್ಲ ನಿಜಕ್ಕೂ ಅರೆಭಾಷೆಯಲ್ಲಿ ಆಡಿದ್ದು. ನಾನು ಅದನ್ನು ಹಾಗೇ ಬರೆಯಲು ಹೋದರೆ ಮತ್ತೆ ತಪ್ಪು ಹಿಡಿಯುತ್ತಾರೆ. ಅದಕ್ಕೇ ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೊರಿಯನ್‌ನಲ್ಲಿ ನಾನು ಎಷ್ಟು ತಪ್ಪು ಮಾಡಿದರೂ ಈ ಮನೆಯಲ್ಲಿ ನಗಲು ಒಬ್ಬರಿಗೂ ಯೋಗ್ಯತೆ ಇರಲಿಲ್ಲ. ಅದಕ್ಕೆ ಬಟನ್ ಒತ್ತಲಿಲ್ಲ.

ಅಡುಗೆಮನೆಯ ಡಬ್ಬಿಗಳಿಗೆ ಕೊರಿಯನ್ ಚೀಟಿ ಅಂಟಿಸಿದೆ. ಅತ್ತೆ ಡಬ್ಬಿಗಳನ್ನೆಲ್ಲ ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟರು. ಕರಡಿಮರಿಗೆ ಶೀತವಾದ ಕತೆಯ ಪುಸ್ತಕವೊಂದನ್ನು ಅಂಚೆಯಲ್ಲಿ ತರಿಸಿ ಪುತ್ತೂರಿನ ಬಸ್ಸಿನಲ್ಲಿ ಓದುತ್ತಿದ್ದೆ. ಕುಂಬ್ರದಲ್ಲಿ ಹತ್ತಿ ಪಕ್ಕ ಕೂತ ಹೆಂಗಸು ತುಂಬಾ ಹೊತ್ತು ಇಣುಕಿ ನೋಡಿ, "ಇದು ಎಂತ, ಮಂತ್ರವಾ?" ಅಂದರು.

"ಅಲ್ಲ, ಕರಡಿಮರಿಗೆ ಶೀತ ಆದ ಕತೆ."

"ಕರಡಿಗೆ ಶೀತ ಆದ್ದನ್ನು ಕನ್ನಡದಲ್ಲಿ ಓದಿದ್ರೆ ಆಗುದಿಲ್ವಾ?"

ನಾನು ಪುಟ ಮಗುಚಿದೆ.

ಸುದ್ದಿ ಹಬ್ಬಿತು. ನಮ್ಮ ಕಡೆ ಭಾಷೆ ಗೊತ್ತಿರುವುದು ದೊಡ್ಡಸ್ತಿಕೆಯಲ್ಲ. ಮೀನು ಮಾರುವವರಿಗೆ ಐದು ಭಾಷೆ ಬರುತ್ತದೆ, ಆಟೋದವರಿಗೆ ಆರು. ಆದರೆ ಅದೆಲ್ಲ ಶೀತ ಹಿಡಿದ ಹಾಗೆ ತನ್ನಷ್ಟಕ್ಕೆ ಹಿಡಿದದ್ದು. ಕೂತು ಕಲಿಯುವುದೆಂದರೆ ತಲೆಯಲ್ಲಿ ಏನೋ ಲೂಸಾಗಿದೆ ಎಂದೇ ಲೆಕ್ಕ. "ಎಂತ ಪ್ರಯೋಜನ ಮಾರಾಯ್ರೆ?" ಎಂದು ಕೇಳಿದವರೇ ವಾರ ಕಳೆದು ಮುಖಕ್ಕೆ ಹಚ್ಚುವ ಕ್ರೀಮಿನ ಟ್ಯೂಬು ಹಿಡಿದು ಬಂದರು, ಬೆಳ್ಳಗಾಗುತ್ತದಾ ಎಂದು ಓದಿ ಹೇಳಬೇಕಂತೆ. ಒಬ್ಬರು ಹುಲ್ಲು ಕತ್ತರಿಸುವ ಯಂತ್ರದ ಕೈಪಿಡಿಯನ್ನೇ ತಂದರು.

"ಇದು ಚೀನಾ ಭಾಷೆ," ಅಂದೆ.

"ಎಲ್ಲ ಆ ಕಡೆದ್ದೇ ಅಲ್ವಾ? ಸ್ವಲ್ಪ ಎಡ್ಜಸ್ಟ್ ಮಾಡಿ ಓದಿ."

ಕೊರಿಯಾದಲ್ಲೂ ಅಪ್ಪನಿಗೆ ಅಪ್ಪ ಅನ್ನುತ್ತಾರೆ ಎಂದು ಬಾಯಿ ತಪ್ಪಿ ಹೇಳಿದ್ದಕ್ಕೆ ನೆರೆಕರೆಯ ನಿವೃತ್ತ ಮೇಷ್ಟ್ರೊಬ್ಬರು, ಕೊರಿಯಾದವರು ಇಲ್ಲಿಂದಲೇ ಹೋದವರೆಂದು ಸಾಬೀತು ಮಾಡಿಬಿಟ್ಟರು. ಯಾವ ದಾರಿಯಲ್ಲಿ ಹೋದರೆಂದು ಕೇಳಿದೆ. ಅದನ್ನು ಸಂಶೋಧನೆ ಮಾಡಬೇಕಷ್ಟೆ ಅಂದರು.

ಈ ಗಲಾಟೆಯ ನಡುವೆ ನನಗೆ ನಿಜವಾಗಿ ಕೊರಿಯನ್ ಕಲಿಸಿದವಳು ಒಬ್ಬಳೇ. ಆಟದೊಳಗೆ ನಮಗೆಲ್ಲ ಒಂದೊಂದು ತುಂಡು ಜಾಗ. ಹತ್ತು ಹನ್ನೆರಡು ಜಾಗ ಸೇರಿ ಒಂದು ಊರು. ನಾನು ಹೊಕ್ಕ ಊರಿನಲ್ಲಿ ನನ್ನೊಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ಕೊರಿಯಾದವರು. ಅವಳದ್ದು ನನ್ನ ಪಕ್ಕದ ಜಾಗ. ಪರಿಚಯವಾದ ಕೂಡಲೇ ವಯಸ್ಸು ಕೇಳಿದಳು. ಅಲ್ಲಿ ಅದನ್ನು ಮೊದಲು ಕೇಳಿಯೇ ಮಾತಿನ ಮರ್ಯಾದೆ ನಿರ್ಧಾರವಾಗುವುದು. ನಾನು ದೊಡ್ಡವಳೆಂದು ಗೊತ್ತಾದ ಮೇಲೆ ನನ್ನನ್ನು 'ಒನ್ನಿ' ಅಂದಳು. ಒನ್ನಿ ಅಂದರೆ ಅಕ್ಕ. ನನಗೆ ನೀರು ಹಾಕಲು ಬಿಡುವಿಲ್ಲದ ದಿನ ಅವಳೇ ಬೇಲಿ ದಾಟಿ ನನ್ನ ಕ್ಯಾಬೇಜಿಗೆ ನೀರು ಹಾಕುತ್ತಿದ್ದಳು. ಇತ್ತ ಹಿತ್ತಿಲಲ್ಲಿ ನನ್ನ ನಿಜವಾದ ಬಸಳೆ ಚಪ್ಪರ ಒಣಗುತ್ತಿದ್ದದ್ದು ಬೇರೆ ಸಂಗತಿ.

ನಾನು ತಪ್ಪು ಬರೆದರೆ ಅವಳು ತಪ್ಪು ಅನ್ನುತ್ತಿರಲಿಲ್ಲ. ನನ್ನದೇ ವಾಕ್ಯವನ್ನು ಸರಿಪಡಿಸಿ, ತಾನೂ ಅದನ್ನೇ ಹೇಳಬೇಕೆಂದಿದ್ದವಳ ಹಾಗೆ ಮತ್ತೊಮ್ಮೆ ಬರೆಯುತ್ತಿದ್ದಳು. "ನಾಳೆ ಮೂಲಂಗಿ ಕಿತ್ತರು" ಎಂದು ನಾನು ಬರೆದರೆ, "ಹೌದು ಒನ್ನಿ, ನಾಳೆ ಮೂಲಂಗಿ ಕೀಳೋಣ" ಅನ್ನುತ್ತಿದ್ದಳು. ಹೀಗೂ ತಿದ್ದಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಅವಳ ಮೇಲೆ ನನಗೆ ಅಷ್ಟು ಪ್ರೀತಿ ಬರಲು ಇದೊಂದೇ ಸಾಕಾಗಿತ್ತು. ಬರೆದು ಬರೆದು ವರ್ಷ ಕಳೆಯುವಷ್ಟರಲ್ಲಿ ಮಾತಿಗೂ ಇಳಿದೆವು. ಇಲ್ಲಿ ಸಂಜೆಯ ಚಾ ಹೊತ್ತು ಅಲ್ಲಿ ರಾತ್ರಿಯ ಊಟ ಮುಗಿದ ಹೊತ್ತು. ಊರಿನವರೆಲ್ಲ ಮೈಕ್ ಹಾಕಿಕೊಂಡು ಹರಟುತ್ತಾರೆ. ನನಗೆ ಮಾತು ಬಂದದ್ದೆಲ್ಲ ಅವಳ ಬಾಯಿಯಿಂದ. ಅವಳು ಎಳೆದಲ್ಲಿ ಎಳೆದೆ, ಅವಳು ನಿಲ್ಲಿಸಿದಲ್ಲಿ ನಿಲ್ಲಿಸಿದೆ.

ಆ ದಿನ ಹೊಲಿಗೆ ಮುಗಿಸಿ ಅಡುಗೆಮನೆಯಲ್ಲಿ ಕೂತು ಮಾತಾಡುತ್ತಿದ್ದೆ. ಅತ್ತೆ ಎದುರಿಗೆ ಹಲಸಿನ ಸೊಳೆ ಬಿಡಿಸುತ್ತಾ ಕಿವಿ ಇತ್ತ ಕಡೆಗೇ ಕೊಟ್ಟಿದ್ದರು. ಅವಳ ಸ್ವರ ಅವರಿಗೂ ಹಿಡಿಸಿತ್ತು.

"ಒಳ್ಳೆ ಹುಡುಗಿ ಹಾಗೆ ಕಾಣ್ತದೆ. ಯಾರ ಪೈಕಿ?"

"ಕೊರಿಯಾದವಳು ಅತ್ತೆ. ಪೈಕಿ ಗೀಕಿ ಎಂತ ಇಲ್ಲ."

"ಮನೆಯಲ್ಲಿ ಎಂತ ಮಾತಾಡುದು ಅಂತ ಕೇಳು."

ಇಲ್ಲಿ ಹೊರಗಿನವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಸುಳ್ಯ, ಪುತ್ತೂರು, ಕಡಬ ಎಂಬ ನಮ್ಮ ಮೂರು ತಾಲೂಕುಗಳಲ್ಲಿ ಯಾರ ಜಾತಿಯನ್ನೂ ಯಾರೂ ಕೇಳುವುದಿಲ್ಲ. ನಾವು ಅಷ್ಟು ಮುಂದುವರಿದಿದ್ದೇವೆ. ಬಸ್ಸಿನಲ್ಲಿ ಪಕ್ಕ ಕೂತವರ ಊರು ಕೇಳುತ್ತೇವೆ, ಊರಿನಲ್ಲಿ ಯಾವ ಕಡೆ ಅನ್ನುತ್ತೇವೆ, ಆಮೇಲೆ ಬಹಳ ನಯವಾಗಿ, "ಮನೆಯಲ್ಲಿ ಎಂತ ಮಾತಾಡುದು?" ಅನ್ನುತ್ತೇವೆ. ತುಳುವೋ, ಅರೆಭಾಷೆಯೋ, ಬ್ಯಾರಿಯೋ, ಮಲಯಾಳವೋ, ಕೊಂಕಣಿಯೋ, ಹವ್ಯಕವೋ ಎಂದು ತಿಳಿದರೆ ಮುಕ್ಕಾಲು ಕೆಲಸ ಮುಗಿಯಿತು. ಎಲ್ಲಿ ಕೂರಿಸಬೇಕು, ಯಾವ ಲೋಟದಲ್ಲಿ ಕೊಡಬೇಕು, ಎಷ್ಟು ನಗಬೇಕು ಎಂಬುದೆಲ್ಲ ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಉತ್ತರ ಸಿಗುವವರೆಗೆ ನಮಗೆ ಕೂತಲ್ಲಿ ಕೂರಲಾಗುವುದಿಲ್ಲ.

"ಅಲ್ಲಿ ಎಲ್ಲರೂ ಒಂದೇ ಭಾಷೆ ಅತ್ತೆ," ಅಂದೆ.

ಅತ್ತೆ ಸೊಳೆ ಕೆಳಗಿಟ್ಟರು. "ಒಂದು ಇಡೀ ದೇಶದಲ್ಲಿ ಒಂದೇ ಭಾಷೆಯಾ? ಹಾಗಾದ್ರೆ ಎದುರು ಕೂತವರ ಬಗ್ಗೆ ಮಾತಾಡ್ಲಿಕ್ಕುಂಟಾದ್ರೆ ಎಂತ ಮಾಡ್ತಾರೆ? ಸುಮ್ಮನೆ ಕೇಳು ನೀನು."

ನನಗೂ ಒಳಗೊಳಗೆ ಆಸೆಯಿತ್ತು ಎನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಂಥ ಮರ್ಯಾದೆಯ ಪ್ರಶ್ನೆಯನ್ನು ಕೊರಿಯನ್‌ನಲ್ಲಿ ತಪ್ಪಿಲ್ಲದೆ ಜೋಡಿಸಬಲ್ಲೆ ಎಂಬ ಹೆಮ್ಮೆ ಬೇರೆ. ಇಡೀ ಊರು ಕೇಳುತ್ತಿದ್ದಾಗ, ನನಗೆ ಗೊತ್ತಿದ್ದ ಅತಿ ಗೌರವದ ರೂಪದಲ್ಲಿ ಕೇಳಿದೆ: "ನಿಮ್ಮ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ?"

"ಯಾಕೆ ಕೇಳುತ್ತೀರಿ?" ಅಂದಳು. ಒನ್ನಿ ಅನ್ನಲಿಲ್ಲ. ಬ್ಯಾಂಕಿನವರು ಮಾತಾಡುವ ಹಾಗೆ ಮಾತಾಡಿದಳು. ಮರುಕ್ಷಣ ಅವಳ ಹೆಸರಿನ ಎದುರಿನ ಹಸಿರು ಚುಕ್ಕೆ ಆರಿತು.

ಅವಳು ಹೋದ ಮೇಲೆ ಊರು ಬಾಯಿ ತೆರೆಯಿತು. ಒಬ್ಬ, ಅವಳ ಮಾತಿನಲ್ಲಿ ಏನೋ ಒಂದು ಇದೆಯೆಂದು ತನಗೆ ಮೊದಲೇ ಅನಿಸಿತ್ತು ಅಂದ. ಇನ್ನೊಬ್ಬಳು, ಹೊರದೇಶದಿಂದ ಮದುವೆಯಾಗಿ ಬಂದವಳಿರಬೇಕು, ತನ್ನ ಚಿಕ್ಕಮ್ಮನ ಊರಲ್ಲೂ ಅಂಥವರಿದ್ದಾರೆ ಅಂದಳು. "ಅದಕ್ಕೇ ನೋಡಿ, ಈ ಭಾರತದವಳ ಮಾತೂ ಅವಳ ಹಾಗೆಯೇ ಇರುವುದು," ಎಂದು ಮತ್ತೊಬ್ಬ ಸೇರಿಸಿದ. ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ನಮ್ಮ ಮನೆಯ ಪಂಕ್ತಿಯ ನಗುವಿನಂಥದ್ದೇ. ನಮ್ಮೂರಿನ ಆ ಒಂದು ಪ್ರಶ್ನೆ ಸಮುದ್ರ ದಾಟಿ ಹೋಗಿ, ಅಲ್ಲಿಯೂ ನಿಮಿಷದೊಳಗೆ ತನ್ನ ಕೆಲಸ ಮಾಡಿ ಮುಗಿಸಿತ್ತು.

"ಎಂತ ಹೇಳಿದ್ಲು?" ಅತ್ತೆ ಕೇಳಿದರು.

"ಹೋದ್ಲು."

"ಹೇಳ್ಲಿಕ್ಕೆ ನಾಚಿಕೆ ಆಗುವಂಥ ಭಾಷೆಯಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಅತ್ತೆ, ನಿಮ್ಮ ದೆಸೆಯಿಂದ ಆದದ್ದು ಇದು," ಅಂದೆ.

"ನಾನು ಕೇಳಿದ್ರಲ್ಲಿ ತಪ್ಪೆಂತ? ನಿನ್ನನ್ನು ನೋಡ್ಲಿಕ್ಕೆ ಬಂದಾಗ್ಲೂ ಅದನ್ನೇ ಕೇಳಿದ್ದಲ್ವಾ?"

"ಕೇಳಿದ್ರಿ. ಕೇಳಿ, ಕರ್ಕೊಂಡು ಬಂದು, ಹದಿನಾರು ವರ್ಷ ನಗಾಡಿದ್ರಿ."

ಈ ಮಾತನ್ನು ನಾನು ಅವರೆದುರು ಅದುವರೆಗೆ ಆಡಿರಲಿಲ್ಲ. ಅತ್ತೆಯ ಕೈ ಹಲಸಿನ ಮೇಣದಲ್ಲಿ ಹಾಗೇ ನಿಂತಿತು. "ನಗಾಡುದು ಪ್ರೀತಿಗೆ ಮಾರಾಯ್ತಿ," ಅಂದರು ಮೆಲ್ಲಗೆ.

"ಹಾಗಾದ್ರೆ ಪ್ರೀತಿ ಸ್ವಲ್ಪ ಕಮ್ಮಿ ಮಾಡಿ," ಅಂದು ಎದ್ದು ಹೋದೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳ ಜಾಗದ ಮೂಲಂಗಿ ಬಾಡತೊಡಗಿತು. ಆಟದ ನಿಯಮವೆಂದರೆ ಬೆಳೆ ಪೂರ್ತಿ ಒಣಗಿದ ಜಾಗ ತಾನಾಗಿ ಬೇರೆಯವರ ಪಾಲಾಗುತ್ತದೆ. ಹಾಗಾದರೆ ಅವಳು ಬಂದರೂ ಬರುವುದಕ್ಕೆ ಒಂದು ಜಾಗವಿಲ್ಲ, ನನಗೆ ಅವಳನ್ನು ಹುಡುಕಲು ಒಂದು ದಾರಿಯಿಲ್ಲ. ಅವಳ ಮುಖ ನೋಡಿದವಳಲ್ಲ, ಫೋನ್ ನಂಬರ್ ಗೊತ್ತಿಲ್ಲ. ನಾನು ದಿನವೂ ಬೇಲಿ ದಾಟಿ ಅವಳ ಮೂಲಂಗಿಗೆ ನೀರು ಹಾಕತೊಡಗಿದೆ. ರವಿಕೆಗೆ ತೋಳು ಹಿಂದುಮುಂದಾಗಿ ಕೂರಿಸಿದೆ. ಗಿರಾಕಿಗಳ ಹತ್ತಿರ ಸಿಡಿದುಬಿದ್ದೆ.

"ಆಟ ಅಲ್ವಾ? ಬೇರೆ ನೆರೆಯವರು ಸಿಗ್ತಾರೆ ಬಿಡು," ಅಂದರು ನನ್ನ ಗಂಡ. ನಿಜವಾದ ನೆರೆಯವರೊಂದಿಗೆ ಬೇಲಿಯ ವಿಷಯಕ್ಕೆ ಮಾತು ಬಿಟ್ಟು ವರ್ಷಗಳಾಗಿರುವ ಮನುಷ್ಯ ಕೊಟ್ಟ ಬುದ್ಧಿವಾದ ಅದು.

ಪ್ರತಿ ಜಾಗದೆದುರು ಒಂದು ಮರದ ಫಲಕವಿರುತ್ತದೆ. ನೆರೆಯವರು ಅದರಲ್ಲಿ ಎರಡು ಸಾಲು ಬರೆದು ಹೋಗಬಹುದು. ಕ್ಷಮೆ ಕೇಳೋಣವೆಂದು ಹೊರಟರೆ, ಆಟದಲ್ಲಿ ಓದಿ ಕಲಿತವಳಿಗೆ ಬರುತ್ತಿದ್ದ ಕ್ಷಮೆಯ ವಾಕ್ಯ ಒಂದೇ: "ದುರಸ್ತಿಯ ಕಾರಣ ಉಂಟಾದ ಅಡಚಣೆಗೆ ವಿಷಾದಿಸುತ್ತೇವೆ." ಅದನ್ನೇ ಬರೆದೆ. ಓದಿ ನೋಡಿ ನನಗೇ ನಾಚಿಕೆಯಾಗಿ ಅಳಿಸಿದೆ. ಕರಡಿಮರಿಯ ಪುಸ್ತಕ ತಡಕಾಡಿದೆ. ಅದು ಶೀತಕ್ಕೆ ಔಷಧಿ ಕುಡಿಯುತ್ತದೆಯೇ ಹೊರತು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಕೊನೆಗೆ ಗೊತ್ತಿದ್ದ ಸಣ್ಣ ಸಣ್ಣ ಶಬ್ದಗಳಲ್ಲಿ ಬರೆದೆ: "ನಾನೂ ಸೊಸೆ. ನನ್ನ ಮನೆಯ ಮಾತೂ ನನ್ನದಲ್ಲ. ಮಾತಾಡಿದರೆ ನಗುತ್ತಾರೆ."

ಬರೆದದ್ದು ಅಲ್ಲೇ ಉಳಿಯಿತು. ಅತ್ತೆ ಅಡ್ಡಾಡುವಾಗೆಲ್ಲ ನನ್ನ ಮೊಬೈಲಿನತ್ತ ಓರೆಗಣ್ಣು ಹಾಯಿಸುತ್ತಿದ್ದರು. ಒಮ್ಮೆ, "ಬಂದ್ಲಾ?" ಎಂದೂ ಕೇಳಿದರು. ಇಲ್ಲ ಅಂದೆ. "ಮೂಲಂಗಿ?" ಅಂದರು. ಉಂಟು ಅಂದೆ.

ಒಂದು ಸಂಜೆ ನೀರು ಹಾಕುತ್ತಿರುವಾಗ ಮೂಲಂಗಿಯ ಸಾಲಿನ ಆ ತುದಿಯಲ್ಲಿ ಆಟದಲ್ಲಿ ಅವಳು ಯಾವಾಗಲೂ ಹಾಕಿಕೊಳ್ಳುವ ಹುಲ್ಲಿನ ಟೋಪಿ ಕಾಣಿಸಿತು. ಊರಿನವರಿಗೆ ಕೇಳಿಸದ ಹಾಗೆ, ಇಬ್ಬರಿಗೇ ಇರುವ ಮೈಕಿಗೆ ಕರೆದಳು. ಹಿಂದೆ ಅತ್ತೆ ಚಟ್ನಿಗೆ ಮಿಕ್ಸಿ ಹಾಕಿದ್ದರು. ನಾನು ಕಿವಿಗೆ ಕೈ ಅಡ್ಡ ಹಿಡಿದದ್ದನ್ನು ಕಂಡು ಅರ್ಧಕ್ಕೇ ನಿಲ್ಲಿಸಿದರು.

"ನಾನು ವಿಯೆಟ್ನಾಮಿನವಳು," ಅಂದಳು. "ಮದುವೆಯಾಗಿ ಬಂದದ್ದು. ನಿಮ್ಮ ಮನೆಯಲ್ಲಿ ಈಗಲೂ ನಗುತ್ತಾರಾ?"

"ಹೌದು."

"ನನ್ನ ಮನೆಯಲ್ಲಿ ನಗುವುದನ್ನು ನಿಲ್ಲಿಸಿದ್ದಾರೆ. ಈಗ ನನ್ನ ಹತ್ತಿರ ಏನನ್ನೂ ಕೇಳುವುದೇ ಇಲ್ಲ."

ಅವಳೂ ನನ್ನ ಹಾಗೆ ಇದೇ ಆಟದಲ್ಲಿ, ಮಗಳ ಚಿತ್ರಪುಸ್ತಕಗಳಲ್ಲಿ ಕಲಿತವಳು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮಗಳೇ ತಿದ್ದಲು ಶುರು ಮಾಡಿದಳಂತೆ. ಗೆಳತಿಯರು ಮನೆಗೆ ಬಂದರೆ, "ಅಮ್ಮ, ನೀನು ಮಾತಾಡಬೇಡ" ಅನ್ನುತ್ತಾಳಂತೆ. ಇದನ್ನು ಹೇಳುವಾಗ ಅವಳ ಸ್ವರ ಏರಲೂ ಇಲ್ಲ, ಇಳಿಯಲೂ ಇಲ್ಲ. ನಾನು ಮಾತ್ರ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದೆ.

"ನನ್ನನ್ನು ಯಾವಾಗಲೂ ಯಾರಾದರೂ ತಿದ್ದುತ್ತಿದ್ದರು ಒನ್ನಿ. ನಾನು ತಿದ್ದಿದ್ದು ನಿಮ್ಮೊಬ್ಬರನ್ನೇ. ಈ ಊರಲ್ಲಿ ನಾನು ಭಾಷೆ ಗೊತ್ತಿರುವವಳಾಗಿದ್ದೆ."

ನನ್ನ ಪ್ರಶ್ನೆ ಅವಳಿಂದ ಕಿತ್ತುಕೊಂಡದ್ದು ಅದನ್ನು.

ಅವಳು ಮುಂದುವರಿಸಿದಳು: "ಊರಿನವರು ನಿಮ್ಮ ಉಚ್ಚಾರಕ್ಕೂ ನಕ್ಕರಂತೆ, ಒಬ್ಬರು ಬರೆದು ತಿಳಿಸಿದರು. ನೀವು ಕಲಿತದ್ದು ಕೊರಿಯಾದವರ ಮಾತಲ್ಲ, ನನ್ನ ಮಾತು. ನಾನು ಜಾಗ ಬಿಟ್ಟು ಹೋಗುತ್ತೇನೆ. ಇಲ್ಲಿಗೆ ನಿಜವಾದವರು ಯಾರಾದರೂ ಬರುತ್ತಾರೆ. ಅವರ ಹತ್ತಿರ ಸರಿಯಾಗಿ ಕಲಿಯಿರಿ."

ನನ್ನ ಕೊರಿಯನ್ ವಿಯೆಟ್ನಾಮಿನದ್ದು! ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಆ ಕ್ಷಣ ನನಗೆ ಬಂದದ್ದು ಸಿಟ್ಟು. ನಿಜವಾದವರಂತೆ! ಕೊರಿಯಾದವಳಾಗಬೇಕೆಂದು ನಾನು ಯಾವ ದೇವರಿಗೆ ಹರಕೆ ಹೇಳಿಕೊಂಡಿದ್ದೆ? ನೀನು ಹೋಗಬೇಡ, ನಿನ್ನಂಥವಳು ಇನ್ನೊಬ್ಬಳು ಎಲ್ಲಿಯೂ ಇಲ್ಲ, ನಿನ್ನ ಜಾಗಕ್ಕೆ ಯಾರೂ ಬೇಡ ಎಂದು ಹೇಳಬೇಕಿತ್ತು. ತುಳುವಿನಲ್ಲಾಗಿದ್ದರೆ ಒಂದೇ ಉಸಿರಿನಲ್ಲಿ ಹೇಳಿ ಅತ್ತುಬಿಡುತ್ತಿದ್ದೆ. ಕೊರಿಯನ್‌ನಲ್ಲಿ ಅವಸರದ ಹೊತ್ತಿಗೆ ನಾಲಿಗೆಗೆ ಸಿಕ್ಕಿದ್ದು ಆಟದ ಅಂಗಡಿಯ ಮಾತು ಮಾತ್ರ. ಮೈಕಿಗೆ ಬಾಯಿ ಒತ್ತಿ ಜೋರಾಗಿ ಹೇಳಿದೆ:

"ಈ ವಸ್ತು ಬಹಳ ಅಪರೂಪದ್ದು. ಮಾರಾಟಕ್ಕಿಲ್ಲ!"

ಹೋದಳು, ಮುಗಿಯಿತು ಅಂದುಕೊಂಡೆ. ಆಮೇಲೆ ಅವಳು ನಕ್ಕಳು. ಅದುವರೆಗೆ ನಾನು ಕೇಳದಿದ್ದ ನಗು. ಉಸಿರು ಸಿಗದೆ, ಕೆಮ್ಮಿ, ಮತ್ತೆ ನಕ್ಕಳು. "ತಪ್ಪು, ಒನ್ನಿ, ತಪ್ಪು! ಮನುಷ್ಯರಿಗೆ ಹಾಗೆ ಹೇಳುವುದಿಲ್ಲ!"

ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ನನ್ನ ಮಾತಿಗೆ ಒಬ್ಬರು ನಕ್ಕದ್ದನ್ನು ಕೇಳಿ, ಇನ್ನೊಂದು ತಪ್ಪು ಮಾಡೋಣ ಅನಿಸಿತು.